ಜೊತೆಗೆ ಆಡುವವರಿಲ್ಲದಾಗ ಟೆನಿಸ್ ಅಭ್ಯಾಸ: ಯಾವುದು ಕೊಳ್ಳಬೇಕು, ಯಾವುದು ಬೇಡ

ಪ್ರಶ್ನೆ: ಬೆಂಗಳೂರಿನಲ್ಲಿದ್ದಾಗ ಒಂದೂವರೆ ವರ್ಷ ಟೆನಿಸ್ ಕಲಿತೆ. ಈಗ ಬ್ಯಾಂಕಿನವರು ಶಿವಮೊಗ್ಗಕ್ಕೆ ವರ್ಗ ಮಾಡಿದ್ದಾರೆ. ಇಲ್ಲಿ ಬೆಳಿಗ್ಗೆ ಆರಕ್ಕೆ ಕೋರ್ಟ್ ಖಾಲಿ ಸಿಗುತ್ತದೆ, ಆದರೆ ಆ ಹೊತ್ತಿಗೆ ಜೊತೆಗೆ ಆಡುವವರು ಯಾರೂ ಬರುವುದಿಲ್ಲ. ಮನೆಯ ತಾರಸಿ ಸುಮಾರು 20 ಅಡಿಗೆ 30 ಅಡಿ ಇದೆ. ರಬ್ಬರ್ ದಾರಕ್ಕೆ ಕಟ್ಟಿದ ಬಾಲ್, ಚೆಂಡನ್ನು ವಾಪಸ್ ಚಿಮ್ಮಿಸುವ ರಿಬೌಂಡ್ ನೆಟ್, ಚೆಂಡು ಎಸೆಯುವ ಸಣ್ಣ ಬಾಲ್ ಮಷೀನ್ ಎಲ್ಲವನ್ನೂ ಆನ್‌ಲೈನ್‌ನಲ್ಲಿ ನೋಡಿದ್ದೇನೆ. 15 ಸಾವಿರದವರೆಗೆ ಖರ್ಚು ಮಾಡಬಲ್ಲೆ. ಯಾವುದು ಕೊಂಡರೆ ಒಬ್ಬನೇ ಅಭ್ಯಾಸ ಮಾಡಬಹುದು? ನನಗೆ 36 ವರ್ಷ. 9 ವರ್ಷದ ಮಗಳಿಗೂ ಉಪಯೋಗವಾದರೆ ಒಳ್ಳೆಯದು.

ಉತ್ತರ: ಸುತ್ತಿ ಬಳಸಿ ಹೇಳುವುದಿಲ್ಲ. ನೀವು ಹೆಸರಿಸಿದ ಮೂರರಲ್ಲಿ ಮೊದಲು ಕೊಳ್ಳಬೇಕಾದ್ದು ಒಂದೂ ಇಲ್ಲ. ಮೊದಲು ಒಂದು ಬುಟ್ಟಿ ಚೆಂಡು ಕೊಳ್ಳಿ. ನಲವತ್ತೋ ಐವತ್ತೋ ಚೆಂಡು, ಸೊಂಟ ಬಗ್ಗಿಸದೆ ಎತ್ತಿಕೊಳ್ಳುವ ತಂತಿ ಬುಟ್ಟಿ, ನಾಲ್ಕು ಪ್ಲಾಸ್ಟಿಕ್ ಕೋನ್, ಮೊಬೈಲ್ ನಿಲ್ಲಿಸೋದಕ್ಕೆ ಒಂದು ಸ್ಟ್ಯಾಂಡ್. ಬ್ರ್ಯಾಂಡಿನ ಹಿಂದೆ ಬೀಳದಿದ್ದರೆ ಇಷ್ಟಕ್ಕೆ ನಿಮ್ಮ ದುಡ್ಡಿನಲ್ಲಿ ಅರ್ಧ, ಹೆಚ್ಚೆಂದರೆ ಸ್ವಲ್ಪ ಮೇಲೆ ಆಗಬಹುದು. ಉಳಿದಿದ್ದಕ್ಕೆ ಬೇರೆ ಕೆಲಸ ಇದೆ, ಆಮೇಲೆ ಹೇಳುತ್ತೇನೆ.

ಯಾಕೆ ಅಂದರೆ, ನೆಟ್ಟಿನ ಆಚೆ ನಿಂತವನು ನಿಮಗೆ ಮೂರು ಕೆಲಸ ಮಾಡಿಕೊಡುತ್ತಾನೆ. ಚೆಂಡು ಕಳಿಸುತ್ತಾನೆ. ನೀವು ಹೊಡೆದದ್ದನ್ನು ವಾಪಸ್ ಹೊಡೆಯುತ್ತಾನೆ. ಮುಂದಿನದು ಎಲ್ಲಿಗೆ ಬರುತ್ತದೋ ಅಂತ ನಿಮ್ಮ ತಲೆಗೂ ಕಾಲಿಗೂ ಕೆಲಸ ಕೊಡುತ್ತಾನೆ. ಬಾಲ್ ಮಷೀನ್ ಮಾಡುವುದು ಮೊದಲನೆಯದನ್ನು ಮಾತ್ರ. ಗೋಡೆ, ರಿಬೌಂಡ್ ನೆಟ್, ದಾರದ ಬಾಲ್ ಇವೆಲ್ಲ ಎರಡನೆಯದನ್ನು ಅರೆಬರೆ ಮಾಡುತ್ತವೆ. ಮೂರನೆಯದನ್ನು ಅಂಗಡಿಯಲ್ಲಿ ಸಿಗುವ ಯಾವುದೂ ಮಾಡುವುದಿಲ್ಲ. ಎದುರಾಳಿಯ ಭುಜ ತಿರುಗಿದ್ದು, ರ‍್ಯಾಕೆಟ್ ಎಷ್ಟು ಹಿಂದೆ ಹೋಯಿತು ಅನ್ನುವುದು, ಇದನ್ನೆಲ್ಲ ನೋಡಿ ಚೆಂಡು ಎಲ್ಲಿಗೆ ಬರುತ್ತದೆ ಅಂತ ಊಹಿಸುವುದು ಮನುಷ್ಯರ ಎದುರೇ ಕಲಿಯಬೇಕಾದ್ದು. ಹಾಗಾಗಿ ಒಬ್ಬರೇ ಇದ್ದಾಗ ಈ ಮೂರೂ ಬೇಕಿಲ್ಲದ ಹೊಡೆತದ ಮೇಲೆ ಸಮಯ ಹಾಕುವುದು ಜಾಣತನ. ಅಂಥದ್ದು ಟೆನಿಸ್‌ನಲ್ಲಿ ಒಂದೇ ಒಂದು ಇದೆ. ಸರ್ವ್.

ಪ್ರತಿ ಪಾಯಿಂಟೂ ಸರ್ವ್‌ನಿಂದಲೇ, ಅಂದರೆ ಚೆಂಡನ್ನು ತಾನೇ ಮೇಲೆ ಎಸೆದು ಹೊಡೆಯುವುದರಿಂದಲೇ, ಶುರು. ಸಿಂಗಲ್ಸ್ ಮ್ಯಾಚಿನಲ್ಲಿ ಅರ್ಧದಷ್ಟು ಗೇಮ್‌ಗಳಲ್ಲಿ ನಿಮ್ಮದೇ ಸರ್ವ್. ಆದರೂ ಇಬ್ಬರು ಸೇರಿದರೆ ಒಂದು ಗಂಟೆಯಲ್ಲಿ ಐವತ್ತು ನಿಮಿಷ ಕೋರ್ಟಿನ ಕೊನೆಯ ಗೆರೆಯಾದ ಬೇಸ್‌ಲೈನಿನಿಂದ ಚೆಂಡನ್ನು ಅತ್ತಿತ್ತ ಹೊಡೆಯುತ್ತಾ ರ‍್ಯಾಲಿ ಆಡುತ್ತಾರೆ, ಕೊನೆಗೆ ಹೊತ್ತಾಯ್ತು ಅಂತ ನಾಲ್ಕು ಸರ್ವ್ ಹೊಡೆದು ಮನೆಗೆ ಹೋಗುತ್ತಾರೆ. ಹೀಗೆ ಹತ್ತು ವರ್ಷ ಆಡಿಯೂ, ಮೊದಲ ಸರ್ವ್ ತಪ್ಪಿ ಎರಡನೇ ಸರ್ವ್ ಬಂದಾಗ ಚೆಂಡನ್ನು ಸುಮ್ನೆ ತಳ್ಳುವವರು ಯಾವ ಕ್ಲಬ್ಬಿಗೆ ಹೋದರೂ ಸಿಗುತ್ತಾರೆ. ನಿಮಗೆ ಜೊತೆಗಾರ ಸಿಕ್ಕಿಲ್ಲ ಅನ್ನುವುದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು ಅನ್ನಿ.

ಚೆಂಡಿನಲ್ಲಿ ಎರಡು ಬಗೆ. ಡಬ್ಬಿ ತೆರೆದಾಗ ಬುಸ್ ಅನ್ನುತ್ತದಲ್ಲ, ಅದು ಒಳಗೆ ಗಾಳಿಯ ಒತ್ತಡ ತುಂಬಿದ್ದು. ಮ್ಯಾಚಿಗೆ ಅದೇ ಬೇಕು, ಆದರೆ ತೆರೆದ ಮೇಲೆ ಆಡಲಿ ಬಿಡಲಿ ಗಾಳಿ ಸೋರುತ್ತಲೇ ಇರುತ್ತದೆ, ಕೆಲವೇ ವಾರಗಳಲ್ಲಿ ಚೆಂಡು ಸತ್ತುಹೋಗುತ್ತದೆ. ಇನ್ನೊಂದು ಪ್ರೆಷರ್‌ಲೆಸ್. ಅದು ಪುಟಿಯುವುದು ದಪ್ಪ ರಬ್ಬರಿನ ಬಲದಿಂದ, ಹಾಗಾಗಿ ವರ್ಷಗಟ್ಟಲೆ ಬರುತ್ತದೆ, ಮೇಲಿನ ಉಣ್ಣೆ ಸವೆದರೂ ಪುಟಿಯುವುದು ನಿಲ್ಲುವುದಿಲ್ಲ. ಬುಟ್ಟಿಗೆ ಇದೇ ಸರಿ. ಹೊಡೆದಾಗ ಕೈಗೆ ಸ್ವಲ್ಪ ಗಟ್ಟಿ ಅನಿಸುತ್ತದೆ. ಮೊಣಕೈ ನೋವು ಏನಾದರೂ ಇದ್ದರೆ ಇದರ ಬದಲು ಕ್ಲಬ್ಬಿನವರು ಆಡಿ ಬಿಟ್ಟ ಚೆಂಡುಗಳನ್ನೇ ಕೇಳಿ ತೆಗೆದುಕೊಳ್ಳಿ, ಅಗ್ಗಕ್ಕೆ ಸಿಗುತ್ತವೆ. ಚೆಂಡಿನಲ್ಲಿ ಜೀವ ಇದೆಯಾ ಅಂತ ನೋಡೋದು ಸುಲಭ. ನಿಯಮದ ಪ್ರಕಾರ 254 ಸೆಂಟಿಮೀಟರ್ ಎತ್ತರದಿಂದ ಬಿಟ್ಟ ಹೊಸ ಚೆಂಡು 135ರಿಂದ 147 ಸೆಂಟಿಮೀಟರ್ ಪುಟಿಯಬೇಕು. ಅಂದರೆ ಬಿಟ್ಟ ಎತ್ತರದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ತಲೆಯ ಮಟ್ಟದಿಂದ ಬಿಟ್ಟು ನೋಡಿ, ಸೊಂಟದವರೆಗೂ ಬರಲಿಲ್ಲ ಅಂದರೆ ಅದು ನಾಯಿಮರಿಗೆ.

ಈಗ ತಾರಸಿ. ಅದು ಟಾಸ್‌ಗೆ ಹೇಳಿ ಮಾಡಿಸಿದ ಜಾಗ. ಹೊಡೆಯುವುದು ಬೇಡ, ಚೆಂಡನ್ನು ಮೇಲೆ ಎಸೆಯುವುದಷ್ಟೇ. ನೀವು ಬಲಗೈಯವರು ಅಂದುಕೊಂಡು ಹೇಳುತ್ತೇನೆ, ಎಡಗೈಯವರಾದರೆ ತಿರುಗಿಸಿಕೊಳ್ಳಿ. ಸರ್ವ್‌ಗೆ ನಿಲ್ಲುವ ಹಾಗೆ ನಿಂತು, ರ‍್ಯಾಕೆಟ್ಟನ್ನು ನೆಲದ ಮೇಲೆ ಇಡಿ, ಅದರ ಹಿಡಿಕೆ ನಿಮ್ಮ ಎಡಗಾಲಿನ ಬೆರಳಿನ ಹತ್ತಿರ, ಜಾಲರಿಯ ತಲೆ ಮುಂದಕ್ಕೆ. ಕೈ ಎತ್ತಿ ರ‍್ಯಾಕೆಟ್ ಹಿಡಿದರೆ ಅದರ ತುದಿ ಎಲ್ಲಿಗೆ ಮುಟ್ಟುತ್ತದೋ ಅದಕ್ಕಿಂತ ಒಂದು ಗೇಣು ಮೇಲಕ್ಕೆ ಚೆಂಡು ಹೋಗಬೇಕು, ಕೆಳಗೆ ಬಿಟ್ಟಾಗ ರ‍್ಯಾಕೆಟ್ಟಿನ ಜಾಲರಿಯ ಮೇಲೋ ಅದರ ಪಕ್ಕದಲ್ಲೋ ಬೀಳಬೇಕು. ಚೆಂಡನ್ನು ಬೆರಳ ತುದಿಯಲ್ಲಿ ಹಿಡಿಯಿರಿ, ಅಂಗೈಯಲ್ಲಿ ಮುಚ್ಚಿಕೊಳ್ಳಬೇಡಿ. ಮೊಣಕೈ ಮಡಚದೆ ಭುಜದಿಂದ ಇಡೀ ಕೈ ಎತ್ತಿ, ಕೈ ಕಣ್ಣಿನ ಮಟ್ಟ ದಾಟುವಾಗ ಬೆರಳು ಬಿಡಿ. ಮಣಿಕಟ್ಟು ತಿರುಗಿಸಿದಿರೋ, ಚೆಂಡು ತಲೆಯ ಹಿಂದಕ್ಕೆ ಹೋಗುತ್ತದೆ. ಮೊದಲ ದಿನ ಹತ್ತರಲ್ಲಿ ಮೂರು ಸರಿ ಬಿದ್ದರೆ ದೊಡ್ಡದು. ಸರ್ವ್ ಕೆಟ್ಟಿದೆ ಅಂತ ಬಂದವರಲ್ಲಿ ಹೆಚ್ಚಿನವರಿಗೆ ಕೆಟ್ಟಿರುವುದು ಟಾಸ್. ಒಂದು ಸಲ ಮುಂದೆ, ಒಂದು ಸಲ ಬಲಕ್ಕೆ, ಒಂದು ಸಲ ನೆತ್ತಿಯ ಮೇಲೆ ಎಸೆದು, ಅದನ್ನು ಹುಡುಕಿಕೊಂಡು ಹೋಗಿ ಹೊಡೆಯುತ್ತಾರೆ. ಕೈ ಬೀಸುವ ಸ್ವಿಂಗ್ ಪಾಪ ಏನು ಮಾಡುತ್ತದೆ?

ಇನ್ನೊಂದು ಖರ್ಚಿಲ್ಲದ ಸಲಕರಣೆ, ಫುಟ್‌ಬಾಲಿನವರು ಹಾಕುವ ಉದ್ದ ಕಾಲುಚೀಲ. ಅದರ ತುದಿಗೆ ಹಳೆಯ ಚೆಂಡು ತುರುಕಿ, ಚೆಂಡಿನ ಮೇಲೆ ಒಂದು ಗಂಟು ಹಾಕಿ, ಇನ್ನೊಂದು ತುದಿ ಹಿಡಿದು ಸರ್ವ್ ಮಾಡುವ ಹಾಗೆ ಕೈ ಬೀಸಿ. ಕೈ ಸಡಿಲವಾಗಿದ್ದರೆ ಚೆಂಡು ಬೆನ್ನ ಹಿಂದೆ ಒಂದು ಸುತ್ತು ತಿರುಗಿ ಚಾಟಿ ಬೀಸಿದ ಹಾಗೆ ಮೇಲೆ ಬರುತ್ತದೆ. ಕೈ ಬಿಗಿ ಹಿಡಿದಿದ್ದರೆ, ಅಥವಾ ನಡುವೆ ನಿಂತು ನಿಂತು ಬೀಸಿದರೆ ಚೆಂಡು ಬೆನ್ನಿಗೋ ಕಿವಿಗೋ ಬಡಿದು ತಾನೇ ಹೇಳಿಕೊಡುತ್ತದೆ. ಕೋಚ್ ಹತ್ತು ಸಲ ‘ಕೈ ಸಡಿಲ ಬಿಡಿ’ ಅಂತ ಕೂಗುವುದಕ್ಕಿಂತ ಇದು ಬೇಗ ಅರ್ಥವಾಗುತ್ತದೆ. ಮಗಳು ಹತ್ತಿರ ನಿಂತಿಲ್ಲ ಅಂತ ನೋಡಿಕೊಂಡು ಮಾಡಿ.

ಕೋರ್ಟಿಗೆ ಹೋದಾಗ ಬೇಸ್‌ಲೈನಿನಿಂದ ಶುರು ಮಾಡಬೇಡಿ. ಸರ್ವಿಸ್ ಲೈನಿನ ಹತ್ತಿರ, ಅಂದರೆ ನೆಟ್ಟಿನಿಂದ 21 ಅಡಿ ದೂರದಲ್ಲಿ ನಿಂತು ಅರ್ಧ ಜೋರಿನಲ್ಲಿ ಹತ್ತು, ಇನ್ನೂ ಎರಡು ಮಾರು ಹಿಂದೆ ಸರಿದು ಹತ್ತು, ಆಮೇಲೆ 39 ಅಡಿಯ ಬೇಸ್‌ಲೈನ್. ಭುಜವೂ ಬೆಚ್ಚಗಾಗುತ್ತದೆ, ಚೆಂಡನ್ನು ಕೆಳಕ್ಕೆ ಬಡಿಯುವ ಚಟವೂ ಬಿಡುತ್ತದೆ. ಗ್ರಿಪ್ ನೋಡಿಕೊಳ್ಳಿ, ಸುತ್ತಿಗೆ ಹಿಡಿದ ಹಾಗೆ ಇರಬೇಕು, ಅಂಗೈ ಮುಂದಾಗಿ ಹೊಡೆಯುವ ಫೋರ್‌ಹ್ಯಾಂಡಿನ ಗ್ರಿಪ್ಪಿನಲ್ಲೇ ಸರ್ವ್ ಮಾಡಿದರೆ ಒಬ್ಬರೇ ಮಾಡುವ ಅಭ್ಯಾಸ ಆ ತಪ್ಪನ್ನೇ ಗಟ್ಟಿ ಮಾಡುತ್ತದೆ. ಕೋನ್‌ಗಳನ್ನು ನೆಟ್ಟಿನ ಆಚೆ ಸರ್ವ್ ಬೀಳಬೇಕಾದ ಜಾಗವಾದ ಸರ್ವಿಸ್ ಬಾಕ್ಸಿನ ಎರಡು ಮೂಲೆಗಳಲ್ಲಿ, ಗೆರೆಯಿಂದ ಎರಡು ಮೂರು ಅಡಿ ಒಳಗೆ ಇಡಿ. ಮೊದಲು ಮಧ್ಯದ ಮೂಲೆಗೆ ಹೊಡೆಯುವುದನ್ನು ಕಲಿಯಿರಿ, ಯಾಕೆಂದರೆ ನೆಟ್ ಮಧ್ಯದಲ್ಲಿ 3 ಅಡಿ, ಕಂಬದ ಹತ್ತಿರ ಮೂರೂವರೆ ಅಡಿ. ನಡುವೆ ಹೊಡೆದರೆ ಅರ್ಧ ಅಡಿಯವರೆಗೆ ಪುಕ್ಕಟೆ ಸಿಗುತ್ತದೆ.

ಬರೀ ಬುಟ್ಟಿ ಖಾಲಿ ಮಾಡುತ್ತಾ ಹೋದರೆ ಬೇಜಾರು ಬರುತ್ತದೆ, ಮನಸ್ಸೂ ಎಲ್ಲೋ ಹೋಗುತ್ತದೆ. ಅದಕ್ಕೇ ಕೊನೆಯ ಹದಿನೈದು ನಿಮಿಷ ಗಾಳಿಯ ಜೊತೆ ಮ್ಯಾಚ್ ಆಡಿ. ಮೊದಲ ಸರ್ವ್ ಒಳಗೆ ಬಿದ್ದರೆ ನಿಮಗೆ ಪಾಯಿಂಟ್. ಎರಡನೆಯದು ಬಿದ್ದರೆ ಯಾರಿಗೂ ಇಲ್ಲ, ಮತ್ತೆ ಆಡಿ. ಎರಡೂ ಹೊರಗೆ ಹೋದರೆ ಎದುರಾಳಿಗೆ. 30–40 ಆದಾಗ, ಅಂದರೆ ಎದುರಾಳಿ ಗೇಮ್ ಗೆಲ್ಲಲು ಒಂದೇ ಪಾಯಿಂಟ್ ಬಾಕಿ ಇದ್ದಾಗ ನೋಡಿ, ಎದುರಿಗೆ ಯಾರೂ ಇಲ್ಲದಿದ್ದರೂ ಕೈ ಹೇಗೆ ಬಿಗಿಯಾಗುತ್ತದೆ ಅಂತ. ಆ ಬಿಗಿಯಲ್ಲಿ ಹೊಡೆಯುವುದೇ ನಿಜವಾದ ಎರಡನೇ ಸರ್ವ್. ಜೋರಿನ ಸರ್ವ್ ದಿನಕ್ಕೆ ಐವತ್ತು ಅರವತ್ತಕ್ಕಿಂತ ಬೇಡ, ವಾರಕ್ಕೆ ಮೂರು ದಿನ ಸಾಕು. 36ರ ಭುಜ, ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂತಿರುತ್ತದೆ.

ಬುಟ್ಟಿಯಿಂದ ಸರ್ವ್ ಅಷ್ಟೇ ಅಲ್ಲ, ಫೋರ್‌ಹ್ಯಾಂಡ್, ಕೈಯ ಹಿಂಬದಿ ಮುಂದಾಗಿ ಹೊಡೆಯುವ ಬ್ಯಾಕ್‌ಹ್ಯಾಂಡ್ ಕೂಡ ಆಗುತ್ತದೆ. ಎಡಗೈಯಿಂದ ಚೆಂಡು ಮುಂದೆ ಬಿಟ್ಟು, ಒಂದು ಸಲ ಪುಟಿದ ಮೇಲೆ ಹೊಡೆಯುವುದು. ಮಕ್ಕಳ ಅಭ್ಯಾಸ ಅಂತ ದೊಡ್ಡವರು ಮೂಗು ಮುರಿಯುತ್ತಾರೆ. ಆದರೆ ಚೆಂಡನ್ನು ದೇಹದ ಮುಂದೆ ಹೊಡೆಯುತ್ತಿದ್ದೀರಾ, ಪಕ್ಕಕ್ಕೆ ಬಂದ ಮೇಲಾ ಅಂತ ತಿಳಿಯಲು ಇದಕ್ಕಿಂತ ಸುಲಭ ದಾರಿ ಇಲ್ಲ. ಆನ್‌ಲೈನಿನಲ್ಲಿ 15 ಸಾವಿರದೊಳಗೆ ಬರುವ ಪುಟ್ಟ ಮಷೀನ್‌ಗಳಿವೆಯಲ್ಲ, ಚೆಂಡನ್ನು ಮೆತ್ತಗೆ ಮೇಲೆ ಚಿಮ್ಮಿಸುವಂಥವು, ಅವು ಮಾಡುವ ಕೆಲಸವೂ ಹೆಚ್ಚುಕಡಿಮೆ ಇಷ್ಟೇ. ನಿಮ್ಮ ಎಡಗೈಗೆ ಬ್ಯಾಟರಿ ಬೇಡ.

ಸ್ಟ್ಯಾಂಡ್ ಮೇಲಿನ ಮೊಬೈಲ್ ಈ ಎಲ್ಲದಕ್ಕೂ ಕಣ್ಣು. ಈಗಿನ ಫೋನ್‌ಗಳಲ್ಲಿ ಸೆಕೆಂಡಿಗೆ 120 ಅಥವಾ 240 ಫ್ರೇಮಿನ ಸ್ಲೋ ಮೋಷನ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಒಂದು ದಿನ ಹಿಂದಿನಿಂದ, ಒಂದು ದಿನ ಪಕ್ಕದಿಂದ, ಸೊಂಟದ ಎತ್ತರದಲ್ಲಿ ಇಟ್ಟು ಹತ್ತು ಹೊಡೆತ ತೆಗೆದರೆ ಸಾಕು. ಒಂದು ದಿನಕ್ಕೆ ಒಂದೇ ವಿಷಯ ನೋಡಿ. ಚೆಂಡು ತಗಲುವಾಗ ಕೈ ಪೂರ್ತಿ ಮೇಲೆ ಚಾಚಿದೆಯಾ, ಅಷ್ಟೇ. ಹತ್ತು ತಪ್ಪು ಒಟ್ಟಿಗೆ ಹುಡುಕಲು ಹೋದರೆ ಮಾರನೇ ದಿನ ಇದ್ದ ಸರ್ವೂ ಹೋಗಿರುತ್ತದೆ.

ಮುಂದೆ ಗೋಡೆ. ನಿಮ್ಮ ಪಟ್ಟಿಯಲ್ಲಿ ಇದು ಇರಲಿಲ್ಲ, ಬಹುಶಃ ದುಡ್ಡು ಕೊಡಬೇಕಿಲ್ಲ ಅನ್ನುವ ಕಾರಣಕ್ಕೆ. ಬ್ಯೋನ್ ಬೋರ್ಗ್ ಸ್ವೀಡನ್ನಿನ ಸೋಡರ್ಟಾಲ್ಯ ಊರಿನಲ್ಲಿ ಹುಡುಗನಾಗಿದ್ದಾಗ ಗ್ಯಾರೇಜಿನ ಬಾಗಿಲಿಗೆ ಚೆಂಡು ಹೊಡೆದು ಹೊಡೆದೇ ಕಲಿತದ್ದು. ಆ ರ‍್ಯಾಕೆಟ್ ಅವನ ಅಪ್ಪ ಟೇಬಲ್ ಟೆನಿಸ್ ಟೂರ್ನಿಯಲ್ಲಿ ಬಹುಮಾನವಾಗಿ ಗೆದ್ದದ್ದು. ಮುಂದೆ ಅವನು 1976ರಿಂದ 1980ರವರೆಗೆ ಸತತ ಐದು ವಿಂಬಲ್ಡನ್ ಗೆದ್ದ. ಕ್ರಿಕೆಟ್ ನೋಡುವವರಿಗೆ ಬ್ರಾಡ್‌ಮನ್ ಕಥೆ ಗೊತ್ತೇ ಇದೆ, ಬೌರಲ್ಲಿನ ಮನೆಯ ಹಿಂದೆ ನೀರಿನ ಟ್ಯಾಂಕಿನ ಇಟ್ಟಿಗೆ ಕಟ್ಟೆಗೆ ಗಾಲ್ಫ್ ಚೆಂಡು ಎಸೆದು, ಅದು ಎತ್ತೆತ್ತಲೋ ಚಿಮ್ಮಿ ಬಂದದ್ದನ್ನು ಸ್ಟಂಪಿನಲ್ಲಿ ಹೊಡೆಯುತ್ತಿದ್ದದ್ದು. ಗೋಡೆ ಸುಸ್ತಾಗುವುದಿಲ್ಲ, ತಡವಾಗಿ ಬರುವುದಿಲ್ಲ. ಆದರೆ ಗೋಡೆಯಿಂದ ಕೆಡುವವರೂ ಇದ್ದಾರೆ, ಅದಕ್ಕೆ ಕಾರಣ ಹೇಳುತ್ತೇನೆ.

ಕೋರ್ಟಿನ ಉದ್ದ 78 ಅಡಿ. ಇಬ್ಬರೂ ಬೇಸ್‌ಲೈನಿನಲ್ಲಿ ನಿಂತು ಆಡುವಾಗ ನೀವು ಹೊಡೆದ ಚೆಂಡು ಆಚೆ ಹೋಗಿ ವಾಪಸ್ ನಿಮ್ಮ ಹತ್ತಿರ ಬರಲು ಸುಮಾರು 156 ಅಡಿ ಓಡಬೇಕು. ಗೋಡೆಯಿಂದ 20 ಅಡಿ ದೂರ ನಿಂತರೆ ಅದು ಓಡುವುದು 40 ಅಡಿ. ಹೆಚ್ಚುಕಡಿಮೆ ಕಾಲು ಭಾಗ. ನಿಮಗೆ ಸಿಗುವ ಸಮಯವೂ ಅದೇ ರೀತಿ ಕಮ್ಮಿ. ಹಾಗಾಗಿ ಜನ ರ‍್ಯಾಕೆಟ್ಟನ್ನು ಪೂರ್ತಿ ಹಿಂದಕ್ಕೆ ಒಯ್ಯುವುದನ್ನೇ ಬಿಟ್ಟು, ಭುಜ ತಿರುಗಿಸದೆ, ನಿಂತಲ್ಲೇ ಮಣಿಕಟ್ಟಿನಲ್ಲಿ ಟಪ ಟಪ ಬಡಿಯುತ್ತಾರೆ. ನೂರು ಸಲ ಬಿಡದೆ ಹೊಡೆದೆ ಅಂತ ಖುಷಿ. ಕೋರ್ಟಿಗೆ ಬಂದರೆ ಆ ಹೊಡೆತ ನೆಟ್ಟನ್ನೂ ದಾಟುವುದಿಲ್ಲ.

ಇದಕ್ಕೆ ಉಪಾಯ ಇದೆ. 25–30 ಅಡಿ ಹಿಂದೆ ನಿಲ್ಲಿ, ಚೆಂಡು ಎರಡು ಸಲ ಪುಟಿಯಲು ಬಿಡಿ. ಅಥವಾ ನಿಧಾನದ ಚೆಂಡು ಬಳಸಿ. ಮಕ್ಕಳಿಗಾಗಿ ಬರುವ ಹಸಿರು ಚುಕ್ಕೆಯ ಚೆಂಡು ಮಾಮೂಲಿ ಹಳದಿಗಿಂತ ಸುಮಾರು 25 ಪರ್ಸೆಂಟ್ ನಿಧಾನ, ಕಿತ್ತಳೆಯದು 50, ಕೆಂಪು 75. ಗೋಡೆಗೆ ಕಿತ್ತಳೆ ಚೆಂಡು ಹೊಡೆಯಲು ದೊಡ್ಡವರು ನಾಚಿಕೊಳ್ಳುತ್ತಾರೆ, ನಾಚಿಕೆ ಬಿಟ್ಟವರ ಸ್ವಿಂಗ್ ಸುಧಾರಿಸುತ್ತದೆ. ಇನ್ನೊಂದು ವಿಷಯ. ಗೋಡೆಯ ಮೇಲೆ 3 ಅಡಿಗೆ ನೆಟ್ ಅಂತ ಒಂದು ಗೆರೆ ಎಳೆದಿರುತ್ತಾರೆ, ಎಲ್ಲರೂ ಅದರ ಮೇಲೆ ಸವರಿಕೊಂಡು ಹೋಗುವ ಹಾಗೆ ಹೊಡೆಯುತ್ತಾರೆ. ಬೇಸ್‌ಲೈನಿನಿಂದ ಹಾಗೆ ಹೊಡೆದ ಚೆಂಡು ಸರ್ವಿಸ್ ಲೈನಿನ ಸುತ್ತಮುತ್ತಲೇ ಬೀಳುತ್ತದೆ. ಸೀಮೆಸುಣ್ಣದಲ್ಲಿ 6 ಅಡಿಗೆ ಇನ್ನೊಂದು ಗೆರೆ ಎಳೆದುಕೊಂಡು ಅದರ ಮೇಲೆ ಹೊಡೆಯಿರಿ, ಚೆಂಡು ಆರಾಮಾಗಿ ಕಮಾನು ಹಾಕಿ ನಿಮ್ಮವರೆಗೆ ಬರುತ್ತದೆ, ಸಮಯವೂ ಜಾಸ್ತಿ ಸಿಗುತ್ತದೆ. ಹತ್ತಿರ ನಿಂತು ಬಡಿಯಲೇಬೇಕು ಅನಿಸಿದರೆ ವಾಲಿ ಆಡಿ, ಅಂದರೆ ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯಿರಿ. ವಾಲಿಗೆ ಗೋಡೆ ನಿಜಕ್ಕೂ ಒಳ್ಳೆಯ ಗುರು, ಅಲ್ಲಿ ಸ್ವಿಂಗ್ ಇರಲೇಬಾರದು.

ಗೋಡೆ ಸಿಮೆಂಟ್ ಗಾರೆ ಬಳಿದು ನುಣುಪಾಗಿರಬೇಕು. ಕಲ್ಲಿನ ಕಾಂಪೌಂಡ್ ಆದರೆ ಬ್ರಾಡ್‌ಮನ್ ಆಗಬಹುದೇನೋ, ಟೆನಿಸ್ ಕಷ್ಟ. ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಗೋಡೆ ಅಂತೂ ಬೇಡವೇ ಬೇಡ, ಬೆಳಿಗ್ಗೆ ಆರಕ್ಕೆ ಆ ಸದ್ದಿಗೆ ಮೂರನೇ ಮಹಡಿಯವರೂ ಕೆಳಗೆ ಇಳಿದು ಬರುತ್ತಾರೆ.

ರಿಬೌಂಡ್ ನೆಟ್ಟಿನ ದೊಡ್ಡ ಲಾಭ ಅದೇ, ಸದ್ದಿಲ್ಲ. ಬಿಗಿದ ಬಲೆ ಚೆಂಡಿನ ಜೋರು ಕಮ್ಮಿ ಮಾಡಿ ಕಳಿಸುತ್ತದೆ, ಬಲೆಯನ್ನು ಓರೆ ಮಾಡಿದರೆ ಬೇಕಾದ ಎತ್ತರಕ್ಕೆ ಬರುತ್ತದೆ, ಬಿಚ್ಚಿ ಚೀಲದಲ್ಲಿ ಇಡಬಹುದು. ಆದರೆ ಬಲೆ ಬಿಗಿಯಾಗಿರುವವರೆಗೆ ಮಾತ್ರ. ಅಗ್ಗದ ನೆಟ್‌ಗಳ ಎಲಾಸ್ಟಿಕ್ ಕೊಂಡಿಗಳು ಬೇಗ ಸಡಿಲವಾಗುತ್ತವೆ, ಆಮೇಲೆ ಮಧ್ಯಕ್ಕೆ ಹೊಡೆದ ಚೆಂಡು ಅಲ್ಲೇ ಕೆಳಗೆ ಬೀಳುತ್ತದೆ, ಅಂಚಿಗೆ ಹೊಡೆದದ್ದು ಚೌಕಟ್ಟಿಗೆ ತಗಲಿ ಪಕ್ಕದ ಮನೆಗೆ ಹೋಗುತ್ತದೆ. ತಾರಸಿಯ ಗಾಳಿಗೆ ಕಾಲಿನ ಮೇಲೆ ಮರಳಿನ ಚೀಲ ಇಡದಿದ್ದರೆ ಇಡೀ ನೆಟ್ಟೇ ಮಗುಚುತ್ತದೆ. ಕೊಳ್ಳುವುದಾದರೆ ಕಬ್ಬಿಣದ ಚೌಕಟ್ಟಿನದು, ಅಗಲ ಕನಿಷ್ಠ 6 ಅಡಿ ಇರುವುದು, ಬಲೆಯನ್ನು ಬಿಗಿ ಮಾಡಲು ಬರುವುದು ನೋಡಿ. ಹತ್ತಿರ ಗೋಡೆ ಇರುವವರಿಗೆ ಇದು ಬೇಕಾಗಿಲ್ಲ.

ರಬ್ಬರ್ ದಾರದ ಬಾಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಹೆಚ್ಚು ಮಾರಾಟವಾಗುವುದು ಅದೇ, ಮೂಲೆ ಸೇರುವುದೂ ಅದೇ. ನೀರು ಅಥವಾ ಮರಳು ತುಂಬಿದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಅದಕ್ಕೆ ಉದ್ದದ ರಬ್ಬರ್ ದಾರ, ದಾರದ ತುದಿಗೆ ಚೆಂಡು. ನೀವು ಹೊಡೆದಾಗ ದಾರ ಎಳೆದುಕೊಂಡು ಹೋಗುತ್ತದೆ, ಒಂದು ಹಂತದಲ್ಲಿ ಚೆಂಡನ್ನು ಗಬಕ್ಕನೆ ಹಿಂದಕ್ಕೆ ಸೆಳೆಯುತ್ತದೆ. ಅದು ವಾಪಸ್ ಬರುವುದು ಪೆಟ್ಟಿಗೆಯ ಕಡೆಗೆ, ತಗ್ಗಿನಲ್ಲಿ, ಎರಡು ಮೂರು ಸಲ ಪುಟಿದುಕೊಂಡು. ನೀವು ಚೆಂಡನ್ನು ಮುಂದಕ್ಕೆ ಸುತ್ತಿಸುವ ಟಾಪ್‌ಸ್ಪಿನ್ ಹೊಡೆದರೂ ಹಿಂದಕ್ಕೆ ಸುತ್ತಿಸುವ ಸ್ಲೈಸ್ ಹೊಡೆದರೂ ಆ ಸುತ್ತನ್ನು ದಾರ ತಿಂದುಹಾಕುತ್ತದೆ. ಹೊಡೆತ ಕೋರ್ಟಿನ ಒಳಗೆ ಬೀಳುತ್ತಿತ್ತಾ, ಹೊರಗೆ ಹೋಗುತ್ತಿತ್ತಾ ಗೊತ್ತಾಗುವುದೇ ಇಲ್ಲ. ಜೋರಾಗಿ ಹೊಡೆದಷ್ಟೂ ಜೋರಾಗಿ ನಿಮ್ಮ ಕಡೆಗೇ ಬರುತ್ತದಾದ್ದರಿಂದ, ಕೆಲವೇ ದಿನಗಳಲ್ಲಿ ಹೊಡೆದ ತಕ್ಷಣ ಕೈ ಹಿಂದಕ್ಕೆಳೆದುಕೊಳ್ಳುವ ಚಟ ಅಂಟಿಕೊಳ್ಳುತ್ತದೆ, ಹೊಡೆದ ಮೇಲೂ ಕೈ ಮುಂದಕ್ಕೆ ಸಾಗಬೇಕಾದ ಫಾಲೋ ಥ್ರೂ ಹೋಗಿಬಿಡುತ್ತದೆ. ಬಿಸಿಲಿನಲ್ಲಿ ಬಿಟ್ಟರೆ ರಬ್ಬರ್ ಸೀಳುತ್ತದೆ. ತುಂಡಾದ ದಾರ ಕಣ್ಣಿಗೆ ಬಡಿದರೆ ಆಟ ಅಲ್ಲ, ಹಾಗಾಗಿ ಪ್ರತಿ ಸಲ ಆಡುವ ಮೊದಲು ಗಂಟಿನ ಹತ್ತಿರ ಬಿರುಕು ಇದೆಯಾ ನೋಡಬೇಕು. ಮೈ ಬೆವರಿಸೋಕೆ, ಕಣ್ಣು ಕೈ ಚುರುಕಾಗೋಕೆ ಪರವಾಗಿಲ್ಲ. ಒಂದೂವರೆ ವರ್ಷ ಕೋಚಿಂಗ್ ಆಗಿ ಒಂದು ಸ್ವಿಂಗ್ ಅಂತ ಕೂತಿರುವ ನಿಮಗೆ ಇದರಿಂದ ಲಾಭಕ್ಕಿಂತ ನಷ್ಟವೇ ಜಾಸ್ತಿ.

ಇನ್ನು ಬಾಲ್ ಮಷೀನ್. ಇದು ಹೊಸ ಆಸೆಯೇನೂ ಅಲ್ಲ. ಅಂಗಿಯ ಮೇಲೆ ಮೊಸಳೆ ಹಾಕಿದ ರೆನೆ ಲಕೋಸ್ತ್ ಇದ್ದಾನಲ್ಲ, ಫ್ರಾನ್ಸಿನ ಆಟಗಾರ, ಅವನು 1920ರ ದಶಕದಲ್ಲೇ ತನ್ನ ಅಭ್ಯಾಸಕ್ಕೆ ಚೆಂಡು ಎಸೆಯುವ ಯಂತ್ರ ಮಾಡಿಕೊಂಡಿದ್ದ. ಲೋಹದ ಸ್ಕೀ ಮಾಡಿ ಹೆಸರಾಗಿದ್ದ ಅಮೆರಿಕದ ಹೋವರ್ಡ್ ಹೆಡ್ ನಿವೃತ್ತಿಯ ನಂತರ ಟೆನಿಸ್ ಕಲಿಯಲು ಹೋಗಿ, ಕೊಂಡ ಬಾಲ್ ಮಷೀನ್ ಸಮಾಧಾನ ತರದೆ ಅದನ್ನು ಸರಿಪಡಿಸಲು ಹೊರಟು, ಅದನ್ನು ಮಾಡುತ್ತಿದ್ದ ಪ್ರಿನ್ಸ್ ಕಂಪನಿಗೇ ಸೇರಿಕೊಂಡ. ಆಮೇಲೆ 1976ರಲ್ಲಿ ಬಂದದ್ದು ದೊಡ್ಡ ತಲೆಯ ರ‍್ಯಾಕೆಟ್. ಇವತ್ತು ನಮ್ಮ ಕೈಯಲ್ಲಿರುವ ರ‍್ಯಾಕೆಟ್‌ಗಳ ಆಕಾರಕ್ಕೆ ಒಂದು ಮಷೀನಿನ ಮೇಲಿನ ಅಸಮಾಧಾನವೂ ಕಾರಣ ಅನ್ನಬಹುದು.

ಈಗಿನ ಹೆಚ್ಚಿನ ಮಷೀನ್‌ಗಳಲ್ಲಿ ಎರಡು ಚಕ್ರ ಎದುರುಬದುರು ತಿರುಗುತ್ತಿರುತ್ತವೆ, ನಡುವೆ ಚೆಂಡು ಸಿಕ್ಕಿ ಹಾರುತ್ತದೆ. ಮೇಲಿನ ಚಕ್ರ ಜೋರಾಗಿ ತಿರುಗಿದರೆ ಟಾಪ್‌ಸ್ಪಿನ್, ಕೆಳಗಿನದು ಜೋರಾದರೆ ಬ್ಯಾಕ್‌ಸ್ಪಿನ್. ಬುಟ್ಟಿಯಲ್ಲಿ ಹೊಸದು ಹಳೆಯದು ಬೆರೆತಿದ್ದರೆ ಒಂದು ಬೇಸ್‌ಲೈನಿಗೆ, ಇನ್ನೊಂದು ನೆಟ್ಟಿಗೆ. ಚೆಂಡು ಒದ್ದೆಯಾಗಿದ್ದರೆ ಚಕ್ರ ಜಾರುತ್ತದೆ. ನಿಮ್ಮೂರಿನಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಷೀನ್ ಬಹುಪಾಲು ಮನೆಯಲ್ಲೇ ಇರುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಲೆಕ್ಕ ಅಂದಮೇಲೆ ಇದನ್ನೂ ನೋಡಿ. 70 ಚೆಂಡು ತುಂಬಿದಿರಿ, ಐದು ಸೆಕೆಂಡಿಗೆ ಒಂದು ಬರುತ್ತದೆ. ಆರು ನಿಮಿಷದೊಳಗೆ ಖಾಲಿ. ಆಮೇಲೆ ಇಡೀ ಕೋರ್ಟಿನಲ್ಲಿ ಚೆಲ್ಲಿದ 70 ಚೆಂಡು ಹೆಕ್ಕಲು ಒಬ್ಬರಿಗೆ ಅಷ್ಟೇ ಹೊತ್ತು. ಒಂದು ಗಂಟೆಯಲ್ಲಿ ಅರ್ಧ ಗಂಟೆ ಹೆಕ್ಕುವ ಕೆಲಸ. ಪೋರ್ಟಬಲ್ ಅಂತ ಬರೆದಿರುವ ಹಲವು ಮಷೀನ್‌ಗಳೂ ಬ್ಯಾಟರಿ ಸೇರಿ 15–20 ಕೆಜಿ ತೂಗುತ್ತವೆ, ಚೆಂಡಿನ ತೂಕ ಬೇರೆ ನಾಲ್ಕು ಕೆಜಿ, ಸ್ಕೂಟರಿನಲ್ಲಿ ಒಯ್ಯುವ ಯೋಚನೆ ಬೇಡ. ಭರವಸೆಯ ಮಷೀನ್‌ಗೆ ನಿಮ್ಮ 15 ಸಾವಿರ ಎಲ್ಲಿಯೂ ಸಾಲದು, ಹಲವು ಪಟ್ಟು ಬೇಕು. ಹಾಗಂತ ಅದು ಕೆಟ್ಟದ್ದಲ್ಲ. ಒಂದೇ ಜಾಗಕ್ಕೆ ಒಂದೇ ರೀತಿ ನೂರು ಬ್ಯಾಕ್‌ಹ್ಯಾಂಡ್ ಬೇಕು ಅಂದರೆ ಮನುಷ್ಯರಿಂದ ಆಗದ್ದನ್ನು ಅದು ಮಾಡುತ್ತದೆ. ಕ್ಲಬ್ಬಿನ ಐದಾರು ಜನ ಸೇರಿ ಒಂದು ಕೊಂಡರೆ ಅರ್ಥ ಇದೆ. ಆಗ ಮಷೀನನ್ನು ಬೇಸ್‌ಲೈನಿನ ಹತ್ತಿರ ಇಡಿ, ನೆಟ್ ಪಕ್ಕದಲ್ಲಲ್ಲ. ಪ್ರತಿ ಚೆಂಡು ಹಾರುವ ಸದ್ದಿಗೆ ಸರಿಯಾಗಿ ಒಂದು ಸ್ಪ್ಲಿಟ್ ಸ್ಟೆಪ್, ಅಂದರೆ ಎರಡೂ ಕಾಲಿನಲ್ಲಿ ಒಂದು ಸಣ್ಣ ಕುಪ್ಪಳಿಕೆ ಹಾಕಿ, ಹೊಡೆದಾದ ಮೇಲೆ ಮಧ್ಯಕ್ಕೆ ವಾಪಸ್ ಬನ್ನಿ. ಮಷೀನ್ ಮುಂದೆ ನಿಂತಲ್ಲೇ ನಿಂತು ಹೊಡೆದು ರೂಢಿಯಾದವರು ಮ್ಯಾಚಿನಲ್ಲಿ ಕಂಬದ ಹಾಗೆ ನಿಂತಿರುತ್ತಾರೆ.

ಈಗ ಉಳಿದ ದುಡ್ಡಿನ ವಿಷಯ. ಹಳೆಯ ಕ್ಲಬ್‌ಗಳಲ್ಲಿ ಮಾರ್ಕರ್ ಅಂತ ಒಬ್ಬರು ಇರುತ್ತಾರೆ, ಸದಸ್ಯರ ಜೊತೆ ಆಡಿ ಅಭ್ಯಾಸ ಮಾಡಿಸುವುದೇ ಅವರ ಕೆಲಸ. ನಿಮ್ಮಲ್ಲಿ ಮಾರ್ಕರ್ ಇಲ್ಲದಿದ್ದರೆ ಸಂಜೆ ಮಕ್ಕಳಿಗೆ ಕಲಿಸುವ ಕೋಚ್ ಅಥವಾ ಕಾಲೇಜಿನ ಆಟಗಾರ ಯಾರಾದರೂ ಇದ್ದೇ ಇರುತ್ತಾರೆ. ಅವರಿಗೆ ದುಡ್ಡು ಕೊಟ್ಟು ವಾರಕ್ಕೆ ಒಂದು ದಿನ ಒಂದು ಗಂಟೆ ಆಡಿ. ಮೇಲೆ ಹೇಳಿದ ಮೂರನೇ ಕೆಲಸ, ನಿಮ್ಮನ್ನು ಓಡಿಸುವುದು, ಏಮಾರಿಸುವುದು, ಅದು ಇಲ್ಲಿ ಸಿಗುತ್ತದೆ. ವಾರವಿಡೀ ಒಬ್ಬರೇ ಮಾಡಿದ್ದು ಸರಿಯಾಗಿದೆಯಾ ಅಂತ ನೋಡುವ ಕಣ್ಣೂ ಸಿಕ್ಕ ಹಾಗಾಯಿತು. ಎಷ್ಟೋ ಸಲ ಮಾರ್ಕರ್ ಮೂಲಕವೇ ನಿಮ್ಮ ಮಟ್ಟದ ಜೊತೆಗಾರರೂ ಸಿಗುತ್ತಾರೆ, ಯಾರು ಯಾವಾಗ ಬರುತ್ತಾರೆ, ಯಾರಿಗೆ ಯಾರು ಸರಿಹೋಗುತ್ತಾರೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಒಂದು ಎಚ್ಚರಿಕೆ. ಒಬ್ಬರೇ ಆಡುವಾಗ ಹೊಡೆತಗಳ ಸಂಖ್ಯೆ ಗೊತ್ತಿಲ್ಲದೆ ಏರುತ್ತದೆ. ಗೋಡೆಯ ಮುಂದೆ ಇಪ್ಪತ್ತು ನಿಮಿಷ ಅಂದರೆ ಮ್ಯಾಚಿನಲ್ಲಿ ಒಂದು ಗಂಟೆ ಆಡಿದ್ದಕ್ಕಿಂತ ಹೆಚ್ಚು ಸಲ ಚೆಂಡು ತಗಲಿರಬಹುದು. ಮೊಣಕೈಯ ಹೊರಬದಿಯಲ್ಲಿ ನೋವು ಶುರುವಾದರೆ, ಬಾಗಿಲ ಚಿಲಕ ತಿರುಗಿಸುವಾಗ ಚುಳುಕು ಅಂದರೆ, ನಿಲ್ಲಿಸಿ. ರ‍್ಯಾಕೆಟ್ಟಿನಲ್ಲಿ ಗಟ್ಟಿ ಪಾಲಿಯೆಸ್ಟರ್ ಸ್ಟ್ರಿಂಗ್ ಇದ್ದರೆ ಸಣ್ಣ ಎಳೆಗಳನ್ನು ಸೇರಿಸಿ ಮಾಡಿದ ಮೆತ್ತನೆಯ ಮಲ್ಟಿಫಿಲಮೆಂಟ್ ಹಾಕಿಸಿ, ಬಿಗಿಯನ್ನು ಎರಡು ಮೂರು ಪೌಂಡ್ ಇಳಿಸಿ.

ಮಗಳ ವಿಷಯ ಇದಕ್ಕಿಂತ ಸುಲಭ. ಅವಳಿಗೆ ಹಳದಿ ಚೆಂಡು ಕೊಡಬೇಡಿ. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2012ರಿಂದ 10 ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಮಾಮೂಲಿ ಹಳದಿ ಚೆಂಡು ಬಳಸುವಂತಿಲ್ಲ ಅಂತ ನಿಯಮ ಮಾಡಿದೆ, ಯಾಕೆಂದರೆ ಅದು ಅವರ ತಲೆಯ ಮೇಲೆ ಪುಟಿಯುತ್ತದೆ, ಆ ಎತ್ತರದಲ್ಲಿ ಹೊಡೆಯಲು ಹೋಗಿ ಗ್ರಿಪ್ಪೂ ಸ್ವಿಂಗೂ ಎರಡೂ ಹಾಳಾಗುತ್ತವೆ. 9 ವರ್ಷಕ್ಕೆ ಕೋರ್ಟಿನಲ್ಲಿ ಕಿತ್ತಳೆ ಚೆಂಡು ಸರಿ. ನೀವು ಗೋಡೆಗೆ ಅಂತ ಕೊಂಡದ್ದೇ ಅವಳಿಗೂ ಆಯಿತು. ನೀವು ಬುಟ್ಟಿ ಪಕ್ಕದಲ್ಲಿ ಇಟ್ಟುಕೊಂಡು ಕೈಯಿಂದ ಮೆತ್ತಗೆ ಎಸೆದರೆ ಅವಳಿಗೆ ಅದಕ್ಕಿಂತ ಒಳ್ಳೆಯ ಬಾಲ್ ಮಷೀನ್ ಇಲ್ಲ, ಚೆಂಡು ಹೆಕ್ಕಲು ನಿಮಗೂ ಒಬ್ಬರು ಸಿಕ್ಕ ಹಾಗಾಯಿತು.

ತಾರಸಿಯಲ್ಲಿ ಅವಳ ಜೊತೆ ಆಡಬೇಕು ಅಂದರೆ, ಮಡಚಿ ಇಡಬಹುದಾದ ಹತ್ತು ಅಡಿ ಅಗಲದ ಪುಟ್ಟ ನೆಟ್ ಸಿಗುತ್ತದೆ, ಅದು ಮತ್ತು ಕೆಂಪು ಫೋಮ್ ಚೆಂಡು. 30 ಅಡಿ ಉದ್ದದಲ್ಲಿ ಚೆಂದದ ಆಟ ಆಗುತ್ತದೆ, ಮಕ್ಕಳ ಕೆಂಪು ಕೋರ್ಟೇ 36 ಅಡಿ ಇರುವುದು. ಕಂಬಕ್ಕೆ ಸುತ್ತುವ ದಾರದ ಬಾಲ್ ಕೂಡ, ಟರ್ನ್‌ಬಾಲ್ ಅಂತ ಮಾರುತ್ತಾರಲ್ಲ ಅದು, ಇಬ್ಬರು ಎದುರುಬದುರು ನಿಂತು ಆಡಿದರೆ ಮಕ್ಕಳಿಗೆ ಒಳ್ಳೆ ಮಜಾ. ಟೆನಿಸ್ ಅಂತ ಅಲ್ಲ, ಆಟ ಅಂತ ಕೊಡಿಸಿ. ಮಳೆಗಾಲದಲ್ಲಿ ತಾರಸಿಯ ಪಾಚಿ ಉಜ್ಜಿಸದೆ ಇಬ್ಬರೂ ಮೇಲೆ ಹೋಗಬೇಡಿ. ಪ್ಯಾರಪೆಟ್ ಗೋಡೆ ಅವಳ ಎದೆಗಿಂತ ತಗ್ಗಿದ್ದರೆ ಸುತ್ತ ಹಸಿರು ಬಲೆ ಕಟ್ಟಿಸಿದ ಮೇಲೆಯೇ ಆಟ ಶುರು ಮಾಡಿ, ಚೆಂಡು ಬೀದಿಗೆ ಹೋಗುವುದಕ್ಕಿಂತ ಅದರ ಹಿಂದೆ ಅವಳು ಓಡುವುದು ಅಪಾಯ.